ಮೊಮ್ಮಗಳ ಕಟಕಟೆ

ನಮ್ಮ ಬೀದಿಯ ಬಡಗಿಯನ್ನು ಎಲ್ಲರೂ ಅಳತೆ ಅಜ್ಜ ಎಂದೇ ಕರೆಯುತ್ತಾರೆ. ಟೇಪು ಹಿಡಿಯದೆ ಅವನು ತನ್ನ ಕಣ್ಣನ್ನೂ ನಂಬುವವನಲ್ಲ. ಇಂಥವನ ತಲೆ ಕೆಡಿಸಿದ್ದು ಅಂಬೆಗಾಲಿಕ್ಕುವ ಮೊಮ್ಮಗಳು. ಅವಳ ಹೊಟ್ಟೆ ಕೆಡುವುದು, ಸುಧಾರಿಸುವುದು, ಮತ್ತೆ ಕೆಡುವುದು. ಮೈ ತುಂಬುತ್ತಲೇ ಇರಲಿಲ್ಲ. ಮಣ್ಣಿನ ನೆಲ, ಮನೆ ತಮ್ಮದೇ ಎಂಬಂತೆ ಓಡಾಡುವ ಕೋಳಿಗಳು, ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಕೂಸು. ಆಸ್ಪತ್ರೆಯ ನರ್ಸಮ್ಮ ಬಂದು ನೋಡಿ, ಕೋಳಿಹಿಕ್ಕೆ ತಾಕದಂಥ ಒಂದು ಜಾಗ ಮಾಡಿಕೊಡಿ, ಹೀಗೇ ಆದರೆ ಮಗು ಬೆಳೆಯುವುದೇ ಇಲ್ಲ ಎಂದು ಹೇಳಿಹೋದರು.

ಮರದ ಪಟ್ಟಿ ಹೊಡೆದು ಕೂಸಿಗೊಂದು ಆವರಣ ಮಾಡಲು ಅಜ್ಜ ಅಂದೇ ಕೆಲಸಕ್ಕೆ ಕೂತ. ಪಟ್ಟಿಗಳ ನಡುವೆ ಮಗುವಿನ ತಲೆ ಸಿಕ್ಕಿಕೊಳ್ಳಬಾರದು, ಕೋಳಿಯ ತಲೆ ತೂರಬಾರದು. ಕೂಸು ಹತ್ತುವಷ್ಟು ತಗ್ಗಾಗಬಾರದು, ಒಲೆ ಮುಂದಿನ ಅಮ್ಮ ಕಾಣದಷ್ಟು ಎತ್ತರವೂ ಆಗಬಾರದು. ಕೆಳಗೆ ತೊಳೆಯಲು ಬರುವ ಪ್ಲಾಸ್ಟಿಕ್ ಚಾಪೆ, ಮೇಲೆ ಹಳೇ ಬಲೆ. ಮಗು ಒಂಟಿಯಾಗಿ ಅಳದಿರಲೆಂದು ತಾನೂ ಒಳಗೆ ಕೂರುವಷ್ಟು ಅಗಲ ಇಟ್ಟ. ಕೂಸೇನು ಕಳ್ಳತನ ಮಾಡಿತ್ತಾ, ಕಟಕಟೆಗೆ ಹಾಕಿದ್ದೀಯಲ್ಲ ಎಂದು ನಾನು ಚುಡಾಯಿಸಿದೆ.

ಆದರೂ ಕೂಸಿನ ಹೊಟ್ಟೆ ಮತ್ತೆ ಕೆಟ್ಟಿತು. ಅಜ್ಜನಿಗೆ ತಲೆಬುಡ ತಿಳಿಯಲಿಲ್ಲ. ಪಟ್ಟಿ ಬಿಚ್ಚಿ ಇನ್ನೂ ಹತ್ತಿರ ಹೊಡೆದ. ಚಾಪೆಯ ಮೇಲೆ ಅನುಮಾನಪಟ್ಟು ಬದಲಾಯಿಸಿದ. ಕುಡಿಯುವ ನೀರನ್ನು ಸೊಸೆ ಕುದಿಸುತ್ತಲೇ ಇದ್ದಳು. ನನಗೂ ಏನೂ ಹೊಳೆಯದೆ ಅವನ ಜೊತೆ ಕೂತು ತಲೆ ಕೆರೆದುಕೊಂಡೆ.

ಇದರ ನಡುವೆ ಇನ್ನೊಂದು ಗೊಂದಲ. ಕಟಕಟೆಯ ಮುಂದೆ ಒಂದು ಬಕೆಟ್ ನೀರು, ಚೊಂಬು, ಸೋಪು ಬಂದು ಕೂತವು. ಇಟ್ಟವಳು ಸೊಸೆ. ಯಾಕೆಂದು ಅವಳು ಹೇಳಲಿಲ್ಲ, ಇವನು ಕೇಳಲಿಲ್ಲ. ಚಾಪೆ ತೊಳೆಯಲಿಕ್ಕಿರಬೇಕೆಂದು ಅವನು ಬದಿಗೆ ಸರಿಸುತ್ತಿದ್ದ, ಅವಳು ಮತ್ತೆ ದಾರಿಗೇ ತಂದಿಡುತ್ತಿದ್ದಳು. ಮಾತಿಲ್ಲದೆ ನಡೆಯುತ್ತಿದ್ದ ಈ ಜಗಳ ಯಾಕೆಂದು ನಮ್ಮಿಬ್ಬರು ಮುದುಕರಿಗೂ ಅರ್ಥವಾಗಲಿಲ್ಲ.

ಒಂದು ಬೆಳಿಗ್ಗೆ ನಾನು ಅಲ್ಲೇ ಇದ್ದೆ. ಅಜ್ಜ ಕೋಳಿಗೂಡಿಗೆ ಇಳಿದು ಮೊಟ್ಟೆ ಆರಿಸಿ ಬುಟ್ಟಿಯಲ್ಲಿಟ್ಟು, ಬರಿಗಾಲಲ್ಲಿ ನೇರ ಮೊಮ್ಮಗಳ ಹತ್ತಿರ ಬಂದ. ಬಲೆ ಸರಿಸಿ, ಒಳಗಿಳಿಯಲು ಒಂದು ಕಾಲೆತ್ತಿದಾಗ ಇನ್ನೊಂದು ಕಾಲು ಬಕೆಟ್ಟಿಗೆ ತಾಗಿತು. ಸಿಟ್ಟು ನೆತ್ತಿಗೇರಿತು.

"ಇದನ್ನ ಯಾಕಮ್ಮ ದಿನಾ ನನ್ನ ಕಾಲಿಗೆ ಅಡ್ಡ ಇಡ್ತೀಯ?"

ಸೊಸೆ ಒಲೆ ಬಿಟ್ಟು ಬಂದಳು. ಮಾವನಿಗೆ ಎಂದೂ ಎದುರು ಮಾತಾಡಿದವಳಲ್ಲ. ಕಣ್ಣಲ್ಲಿ ನೀರಿತ್ತು.

"ಕೋಳಿ ಆದ್ರೆ ಅಟ್ಟಬಹುದು ಮಾವ. ನಿಮ್ಮನ್ನ ಹೇಗೆ ಅಟ್ಲಿ?"

ಅಜ್ಜ ಎತ್ತಿದ ಕಾಲನ್ನು ಹಾಗೇ ಹಿಡಿದು ಅಂಗಾಲು ನೋಡಿಕೊಂಡ. ಹಿಕ್ಕೆ ಇನ್ನೂ ಹಸಿಯಾಗಿತ್ತು. ಆಮೇಲೆ ಕೈ ನೋಡಿಕೊಂಡ. ಅವನಿಗೆ ಬಂದದ್ದು ಬೇಸರವೋ ನಾಚಿಕೆಯೋ ನನಗೆ ಗೊತ್ತಾಗಲಿಲ್ಲ, ಅವನಿಗೂ ಗೊತ್ತಾಗಿರಲಿಕ್ಕಿಲ್ಲ.

ಮೊಮ್ಮಗಳು ಎತ್ತಿಕೋ ಎಂದು ತೋಳು ಚಾಚಿದಳು. ಅವನ ಕೈ ತಾನಾಗಿ ಮುಂದೆ ಹೋಯಿತು, ಅರ್ಧಕ್ಕೇ ನಿಂತಿತು. ಎಲ್ಲಿಡಬೇಕೆಂದು ತಿಳಿಯದೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಕೂಸು ಅಳತೊಡಗಿತು.

ಸೊಸೆ ಚೊಂಬಿನಲ್ಲಿ ನೀರು ಮೊಗೆದು ನಿಂತಿದ್ದಳು. ಕೊನೆಗೆ ಅವನು ಕೈಯೊಡ್ಡಿದ.