ಸವಣೂರು ಸ್ಟೇಷನ್ನಿನಲ್ಲಿ ನಿಂತ ರೈಲು

ಹಾನಗಲ್ಲಿನಿಂದ ಬೆಳಗಿನ ಏಳರ ಬಸ್ಸಿಗೆ ಹೊರಟೆವು. ದೊಡ್ಡವ್ವನಿಗೆ ಬಸ್ಸು ಪುಕ್ಕಟೆ, ನನಗೆ ಟಿಕೆಟ್ಟು. "ಗಂಡಸಾಗಿ ಹುಟ್ಟಿದ್ದಕ್ಕ ದಂಡಾ ಕಟ್ಟು" ಎಂದು ಕಂಡಕ್ಟರನ ಮುಂದೆಯೇ ನಕ್ಕಳು. ಈ ನೀಲವ್ವ ನನ್ನ ತಾಯಿಯ ಅಕ್ಕ. ವಯಸ್ಸು ಎಪ್ಪತ್ತೇಳು. ಮೊಣಕಾಲೊಂದು ಬಿಟ್ಟರೆ ಬಾಯಿ, ಕಿವಿ, ಹಟ ಎಲ್ಲ ಗಟ್ಟಿ.

ನಮ್ಮಜ್ಜನದು ಸವಣೂರಿನಲ್ಲಿ ಎಲೆಬಳ್ಳಿಯ ತೋಟ. ಆತ ಚಕ್ಕಡಿಯಲ್ಲಿ ವೀಳ್ಯದೆಲೆಯ ಬುಟ್ಟಿಗಳನ್ನು ಸ್ಟೇಷನ್ನಿಗೆ ಒಯ್ಯುವಾಗ ದೊಡ್ಡವ್ವ ಬುಟ್ಟಿಗಳ ನಡುವೆ ಕೂತು ಹೋಗುತ್ತಿದ್ದಳಂತೆ. "ನಮ್ಮಪ್ಪನ ಬುಟ್ಟಿ ಏರೂತನಕ ರೈಲು ಕದಲ್ತಿದ್ದಿಲ್ಲ" ಎಂಬುದು ಆಕೆಯ ಮಾತು. ಆಕೆಯ ತಮ್ಮ, ಅಂದರೆ ನನ್ನ ಸೋದರಮಾವ, ಇದಕ್ಕೆ ಜೀವಮಾನವಿಡೀ ನಕ್ಕಿದ್ದಾನೆ. ಮನೆಯಲ್ಲಿ ಯಾರೇ ತಡಮಾಡಲಿ, "ಅವಸರ ಯಾಕ? ಅಕ್ಕನ ರೈಲು ನಿಂತಿರ್ತೈತಿ" ಅನ್ನುತ್ತಾನೆ. ಹೋದ ತಿಂಗಳು ಮನೆಯ ಮದುವೆಯೊಂದರ ಪಂಕ್ತಿಯಲ್ಲಿ, ಬೀಗರೆದುರಿಗೆ ಹಾಗೆಯೇ ಅಂದ. ದೊಡ್ಡವ್ವ ಅರ್ಧ ಊಟಕ್ಕೆ ಎದ್ದಳು. ಮರುದಿನ ನನಗೆ ಫೋನು ಬಂತು. "ಸವಣೂರಿಗೆ ಕರ್ಕೊಂಡು ಹೋಗು. ಕಂಡವ್ರು ಒಬ್ರರ ಹೌದು ಅನ್ಲಿ. ಒಬ್ರ ಸಾಕು."

ಬಂಕಾಪುರದಲ್ಲಿ ಬಸ್ಸು ಬದಲಿಸಿದೆವು. ಬಿಸಿಲು ಆಗಲೇ ಚುರುಗುಡುತ್ತಿತ್ತು. ಮಿರ್ಚಿ, ಚಹಾ ಮುಗಿಸಿ ಸವಣೂರು ಸೇರಿದಾಗ ಒಂಬತ್ತೂವರೆ. ಅಲ್ಲಿ ನಾನು ಆ ಊರಿನ ಹೆಸರಾದ ಕುರುಕಲು ತಿಂಡಿ, ಕಾಲು ಕಿಲೋ ಖಾರ ಕಟ್ಟಿಸಿಕೊಂಡೆ. ದೊಡ್ಡವ್ವ ಒಂದು ಕವಳಿ ಎಲೆ ಕೊಂಡು ನೂರೂ ಎಲೆ ತಿರುವಿ ನೋಡಿ ಒದ್ದೆ ಅರಿವೆಯಲ್ಲಿ ಸುತ್ತಿಸಿದಳು. ಆಕೆ ಎಲೆ ತಿನ್ನುವುದು ಬಿಟ್ಟು ಹತ್ತು ವರ್ಷವಾಗಿದೆ. ಯಾಕೆ ಅಂದರೆ, "ಸ್ಟೇಷನ್ನಿಗೆ ಬರಿಗೈಲೆ ಹೋಗಬಾರದು" ಅಂದಳು. ಸ್ಟೇಷನ್ನು ಊರಿಂದ ದೂರ. ಆಟೋದವನು ಇನ್ನೂರು ಅಂದ, ದೊಡ್ಡವ್ವ ನೂರೈವತ್ತಕ್ಕೆ ಇಳಿಸಿದಳು.

ಸಣ್ಣ ಸ್ಟೇಷನ್ನು, ನಾಲ್ಕು ಜನ, ಒಂದು ಬೇವಿನ ಮರ. ನನಗೆ ಬಹಳ ಹಿಡಿಸಿತು. ಮರದ ಕೆಳಗೆ ದಾದಾಪೀರಜ್ಜ ಕೂತಿದ್ದರು. ಎಂಬತ್ತೈದು ದಾಟಿದ, ಹಳಿ ಬದಲಿಸುವ ಕೆಲಸದ ನಿವೃತ್ತ ಪಾಯಿಂಟ್ಸ್‌ಮನ್, ಇಂದಿಗೂ ದಿನಾ ರೈಲು ನೋಡಲು ಬರುವವರು. ಕೇಳಿದ್ದೇ ತಡ, ಸ್ಟೇಷನ್ನಿನ ಚರಿತ್ರೆಯನ್ನೆಲ್ಲ ಬಿಚ್ಚಿದರು. ಆಗ ಮೀಟರ್‌ಗೇಜ್ ಹಳಿ, ಕಲ್ಲಿದ್ದಲಿನ ಎಂಜಿನ್ನು. ಎಲೆ ಬುಟ್ಟಿಗಳ ಸಾಲು ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ. ಪ್ರತಿ ತೋಟದವರೂ ಒಂದು ಕವಳಿಯನ್ನು ಮೊದಲು ಗಾರ್ಡಿನ ಕೈಗಿಡುವುದು ವಾಡಿಕೆ. ಅದಕ್ಕೆ ಬದಲಾಗಿ ಗಾರ್ಡು ಎಲೆ ಬಾಡದಂತೆ ದಾರಿಯುದ್ದಕ್ಕೂ ಬುಟ್ಟಿಗೆ ನೀರು ಚಿಮುಕಿಸಬೇಕು.

ದೊಡ್ಡವ್ವ ಮುಂದೆ ಬಾಗಿದಳು. "ನಮ್ಮಪ್ಪ, ಎಲಿ ಬಸಪ್ಪನ ಬುಟ್ಟಿ ಬರೂತನಕ ರೈಲು ನಿಲ್ತಿತ್ತಲ್ರಿ?"

"ನಿಲ್ತಿತ್ತರಿ" ಅಂದರು ಅಜ್ಜ. ಆಕೆ ನನ್ನ ಕಡೆ ನೋಡುವಷ್ಟರಲ್ಲಿ, "ಎಲ್ಲಾರಿಗೂ ನಿಲ್ತಿತ್ತರಿ ಅಕ್ಕಾರ. ಎಂಜಿನ್ನು ಇಲ್ಲೇ ನೀರು ಕುಡೀತಿತ್ತು" ಎಂದು ಹಳಿಯಾಚೆಯ ಕಲ್ಲಿನ ಕಟ್ಟೆ ತೋರಿಸಿದರು. ನೀರಿನ ಕೊಳವೆ ನಿಲ್ಲಿಸಿದ್ದ ಕಟ್ಟೆಯಂತೆ ಅದು. "ಬಸಪ್ಪ ಜಾಣ ಇದ್ದರಿ. ಅದು ನೀರು ಕುಡಿಯೂ ಹೊತ್ತಿಗೆ ಬರಾಬರಿ ಬರ್ತಿದ್ದ."

ಅಯ್ಯೋ, ಒಂದು ಸುಳ್ಳು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು ಅನ್ನಿಸಿ ನನಗೆ ಸಿಟ್ಟೇ ಬಂತು. ದೊಡ್ಡವ್ವ ಕಲ್ಲಿನ ಬೆಂಚಿನ ಮೇಲೆ ಕೂತು ಎಲೆಯ ಕವಳಿಯನ್ನು ಮಡಿಲಲ್ಲಿ ಇಟ್ಟುಕೊಂಡಳು. "ಹಂಗಾದ್ರ ತಮ್ಮ ನಗೂದು ಖರೇನ ಐತಿ" ಅಂದಳು. ಖಾರ ಕೊಟ್ಟೆ, ಬೇಡವೆಂದಳು.

ಹಾವೇರಿಗೆ ತಲಾ ಹತ್ತು ರೂಪಾಯಿಯ ಟಿಕೆಟ್ಟು ಕೊಂಡು ಕಾದೆವು. ಪ್ಯಾಸೆಂಜರ್ ಬಂದು ನಿಂತಿತು. ನಿಲ್ಲುವುದು ಒಂದೇ ನಿಮಿಷ. ನಾನು ಚೀಲ ಒಳಗಿಟ್ಟು ತಿರುಗಿದರೆ ದೊಡ್ಡವ್ವ ಇಲ್ಲ! ಮೊಣಕಾಲು ಎಳೆಯುತ್ತ ಹಿಂದಿನ ಗಾರ್ಡಿನ ಡಬ್ಬಿಯ ಹತ್ತಿರ ಹೋಗಿದ್ದಾಳೆ. ಬಾಗಿಲಲ್ಲಿ ಹಸಿರು ನಿಶಾನೆ ಹಿಡಿದು ನಿಂತಿದ್ದವಳು ಚಿಕ್ಕ ವಯಸ್ಸಿನ ಹೆಣ್ಣುಮಗಳು.

"ಅಜ್ಜಿ, ಲಗೂನ ಹತ್ರಿ, ರೈಲು ಬಿಡ್ತೈತಿ!"

"ಮೊದಲ ಇದನ್ನ ಹಿಡಿಯವ್ವಾ. ಬಾಡಿಸಬ್ಯಾಡ, ನೀರು ಚಿಮುಕ್ಸು."

ಆ ಹುಡುಗಿಗೆ ಏನು ತಿಳಿಯಿತೋ. ನಿಶಾನೆಯನ್ನು ಕಂಕುಳಲ್ಲಿ ಇರುಕಿಕೊಂಡು ಎರಡೂ ಕೈಯಿಂದ ಕವಳಿ ಇಸಿದುಕೊಂಡಳು. "ಸಾವಕಾಶ ಹತ್ರಿ, ನಾ ನೋಡ್ತೇನಿ" ಅಂದಳು. ಪಕ್ಕದ ಡಬ್ಬಿಗೆ ದೊಡ್ಡವ್ವ ಒಂದೊಂದೇ ಮೆಟ್ಟಿಲು ಹತ್ತಿ, ನಿಂತು, ಸೀರೆ ಸರಿಮಾಡಿಕೊಂಡು ಒಳಗೆ ಬರುವವರೆಗೂ ಹಸಿರು ನಿಶಾನೆ ಏಳಲಿಲ್ಲ. ಬೇವಿನ ಕೆಳಗೆ ದಾದಾಪೀರಜ್ಜ ಎದ್ದುನಿಂತು ಕೈಬೀಸಿದರು.

ನಾನು ಡಬ್ಬಿಗಳನ್ನು ದಾಟಿಕೊಂಡು ಹೋಗುವಷ್ಟರಲ್ಲಿ ಆಕೆ ಆಗಲೇ ಫೋನು ಹಚ್ಚಿದ್ದಳು.

"ತಮ್ಮಾ, ಕೇಳು. ನೀ ಅಂದದ್ದ ಖರೆ. ಅಪ್ಪನ ರೈಲು ನೀರಿಗೆ ನಿಲ್ತಿತ್ತಂತ." ಕಿಟಕಿಯಾಚೆ ಆ ಕಲ್ಲಿನ ಕಟ್ಟೆ ಹಿಂದೆ ಸರಿಯುವವರೆಗೂ ನೋಡಿ, ದನಿ ಏರಿಸಿದಳು. "ನಂದು ಎಲಿಗೆ ನಿಂತಿತು!"