ಹುಳದ ಮನೆಯ ಪಕ್ಕದ ಹೊಳೆದಾಸವಾಳ

ಈ ದಿನಗಳಲ್ಲಿ ನಮ್ಮ ಅಂಗಳ ಗುಡಿಸುವುದೆಂದರೆ ಬಣ್ಣ ಗುಡಿಸುವುದು. ಬೆಳಿಗ್ಗೆ ಬಾಗಿಲು ತೆಗೆದರೆ ನೆಲದ ತುಂಬ ಹೊಳೆದಾಸವಾಳದ ನೇರಳೆ ಎಸಳು, ಒಂದೊಂದೂ ಇಸ್ತ್ರಿ ಕಾಣದ ಬಟ್ಟೆಯ ಹಾಗೆ ಸುಕ್ಕುಸುಕ್ಕು. ಇವತ್ತು ಪೊರಕೆ ಹಿಡಿದು ನಿಂತಿದ್ದಾಗ ಬೀದಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು, ಮಾಂಬಳ್ಳಿಗೆ ಹೊಸಬಳಿರಬೇಕು, ತಲೆಯೆತ್ತಿ ನೋಡಿ ಇದು ಮುಡಿಯುವ ಹೂವೋ ಪೂಜೆಯ ಹೂವೋ ಎಂದು ಕೇಳಿದಳು. ಎರಡೂ ಅಲ್ಲ ಎಂದೆ. ಹಾಗಾದರೆ ಯಾತಕ್ಕೆ ಎಂದಳು. ನೋಡುವುದಕ್ಕೆ ಎಂದೆ. ಮರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹೊರಟುಹೋದಳು.

ಆ ನೋಟದ ಪರಿಚಯ ನನಗೆ ಚೆನ್ನಾಗಿಯೇ ಇದೆ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಎಲ್ಲರೂ ನನ್ನನ್ನು ಹಾಗೆಯೇ ನೋಡುತ್ತಿದ್ದರು. ಕೊಳ್ಳೇಗಾಲದ ಕಾನ್ವೆಂಟಿನಲ್ಲಿ ಓದಿದವಳು ನಾನು. ಕರವಸ್ತ್ರ ಮಡಿಸುವುದು, ದುಂಡಗೆ ಅಕ್ಷರ ಬರೆಯುವುದು, ಬಾಗಿಲು ತಟ್ಟಿ ಒಳಗೆ ಹೋಗುವುದು ಬರುತ್ತಿತ್ತು. ರಾಗಿ ಮುದ್ದೆ ತೊಳಸಲು ಬರುತ್ತಿರಲಿಲ್ಲ. ಇನ್ನು ರೇಷ್ಮೆಹುಳುವನ್ನು ಪಾಠದ ಪುಸ್ತಕದ ಚಿತ್ರದಲ್ಲಿ ಮಾತ್ರ ಕಂಡಿದ್ದೆ.

ಇಲ್ಲಿ ನೋಡಿದರೆ ಮನೆಯ ಯಜಮಾನಿಕೆಯೇ ಹುಳದ್ದು. ಅಂಗಳದ ಪಕ್ಕದಲ್ಲಿ ಹುಳದ ಮನೆ, ಒಳಗೆ ತಟ್ಟೆ ತಟ್ಟೆಯಾಗಿ ಅವುಗಳ ಸಂಸಾರ. ಹುಳು ಹಿಪ್ಪುನೇರಳೆ ಸೊಪ್ಪು ತಿನ್ನುವುದನ್ನು ಬಿಟ್ಟು ಪೊರೆ ಕಳಚಲು ಮಲಗಿದರೆ ಅದಕ್ಕೆ ಜ್ವರ ಎನ್ನುತ್ತಾರೆ. ಆಗ ನಾವು ಮಾತನಾಡುವುದೂ ಮೆಲ್ಲಗೆ. ಎಲ್ಲಕ್ಕಿಂತ ಮುಖ್ಯ, ಹುಳಕ್ಕೆ ವಾಸನೆ ಆಗುವುದಿಲ್ಲ. ಹುಳ ಇರುವಷ್ಟು ದಿನ ಮನೆಯಲ್ಲಿ ಊದುಬತ್ತಿ ಇಲ್ಲ, ಮಲ್ಲಿಗೆ ಇಲ್ಲ. ಶಿವನಿಗೂ ತುಂಬೆ ಹೂವು, ಬಿಲ್ವಪತ್ರೆಯಲ್ಲೇ ಸಮಾಧಾನ. ನಾನು ತವರಿನಿಂದ ಆಸೆಪಟ್ಟು ತಂದಿದ್ದ ಪೌಡರಿನ ಡಬ್ಬಿ ಮೊದಲನೇ ವಾರವೇ ಪೆಟ್ಟಿಗೆಯ ತಳ ಸೇರಿತು.

ಈ ಕಾವಲಿನ ಮುಖ್ಯಸ್ಥರು ನಮ್ಮ ಅತ್ತೆ. ಅವರ ಮೂಗಿನ ವಿಷಯ ನಿಮಗೆ ಹೇಳಲೇಬೇಕು. ಹುಳದ ಮನೆಯ ಹೊಸ್ತಿಲಲ್ಲಿ ನಿಂತು, ಸೊಪ್ಪು ಹೊತ್ತು ತರುವ ಆಳು ಬೀಡಿ ಸೇದಿದ್ದರೆ, ಅವನು ಬೀದಿಯ ತುದಿಯಲ್ಲಿರುವಾಗಲೇ ಕಂಡುಹಿಡಿಯುತ್ತಿದ್ದರು. ನಾನು ಮುಖಕ್ಕೆ ಚೂರೇ ಚೂರು ಸೋಪು ಮುಟ್ಟಿಸಿದ್ದರೂ ಬೈಯುತ್ತಿರಲಿಲ್ಲ, "ಇನ್ನೊಂದ್ ದಪ ಮಕ ತೊಳ್ಕಂಡ್ ಬಾ ಓಗವ್ವ" ಎಂದು ತಮ್ಮ ಕೆಲಸಕ್ಕೆ ತಿರುಗುತ್ತಿದ್ದರು.

ಇಂಥ ಮನೆಯಲ್ಲಿ ನನಗೆ ಹೂವಿನ ಮರ ಬೆಳೆಸುವ ಆಸೆ ಹುಟ್ಟಿತು. ನಮ್ಮ ಶಾಲೆಯ ಅಂಗಳದಲ್ಲಿ ಹೊಳೆದಾಸವಾಳದ ಸಾಲಿತ್ತು. ಪರೀಕ್ಷೆ ಮುಗಿದು ರಜೆ ಬರುವ ಹೊತ್ತಿಗೆ ಸರಿಯಾಗಿ ಅವು ಹೂ ಬಿಡುತ್ತಿದ್ದುದರಿಂದ ಆ ಬಣ್ಣಕ್ಕೂ ಸಂತೋಷಕ್ಕೂ ನನ್ನ ತಲೆಯಲ್ಲಿ ಏನೋ ನಂಟು. ವಾಸನೆಯಂತೂ ಅದಕ್ಕಿಲ್ಲ. ಗಂಡನನ್ನು ಕಾಡಿ ನರ್ಸರಿಯಿಂದ ಸಸಿ ತರಿಸಿ, ಹುಳದ ಮನೆಯ ಪಡುವಣ ಗೋಡೆಯಿಂದ ಒಂದಿಷ್ಟು ದೂರದಲ್ಲಿ ನೆಟ್ಟೆ. ಸಂಜೆ ಬಿಸಿಲಿಗೆ ಗೋಡೆ ಕಾಯುವುದು ತಪ್ಪುತ್ತದೆ ಎಂಬ ನೆಪ ಹೇಳಿದ್ದರಿಂದ ಮಾವ ಒಪ್ಪಿದರು. ಪಾತ್ರೆ ತೊಳೆದ ನೀರು ಅದಕ್ಕೆ, ಹುಳದ ಹಿಕ್ಕೆಯ ಗೊಬ್ಬರ ಅದಕ್ಕೆ. ಬೆಳೆದದ್ದೇನೋ ಬೆಳೆಯಿತು, ಆದರೆ ವರ್ಷಗಳಾದರೂ ಹೂವಿಲ್ಲ. ಆಗಿನ್ನೂ ಮದುವೆಯಾಗದಿದ್ದ ನನ್ನ ನಾದಿನಿ ಅದಕ್ಕೆ ಕಾನ್ವೆಂಟ್ ಮರ ಎಂದು ಹೆಸರಿಟ್ಟಳು. "ಕೆಲ್ಸ ಇಲ್ಲ ಕಾರ್ಯ ಇಲ್ಲ, ನೆಟ್ಗೆ ನಿಂತ್ಕಂಡದೆ ನೋಡು ಅತ್ಗೆ, ನಿಮ್ ಥರಾನೇ" ಎನ್ನುತ್ತಿದ್ದಳು. ಎಲ್ಲರ ಜೊತೆ ನಾನೂ ನಗುತ್ತಿದ್ದೆ. ಮರವೂ ನಾನೂ ಒಟ್ಟಿಗೇ ಪರೀಕ್ಷೆಗೆ ಕೂತ ಹಾಗಿತ್ತು.

ಕೊನೆಗೊಂದು ಬೇಸಿಗೆಯಲ್ಲಿ ಅದು ಹೂ ಬಿಟ್ಟಿತು. ಬಿಟ್ಟದ್ದು ಎಂಥ ಹೊತ್ತಿನಲ್ಲಿ ಅಂತೀರಿ! ಹುಳ ಕೊನೆಯದಾದ ನಾಲ್ಕನೇ ಜ್ವರದಿಂದ ಎದ್ದು ಹಗಲೂ ಇರುಳೂ ಮೇಯಬೇಕಾದ ಸಮಯ. ಅವು ಮೇಯಲಿಲ್ಲ. ಮಂಕಾಗಿ ತಲೆಯೆತ್ತಿ ಹಾಗೇ ಉಳಿದವು, ಆಮೇಲೆ ಒಂದೊಂದೇ ತಟ್ಟೆ ಕೆಟ್ಟಿತು. ಅದಕ್ಕೆ ಮುಂಚೆ ಎರಡು ದಿನ ಮಳೆ ಹಿಡಿದು, ನೆಂದ ಸೊಪ್ಪನ್ನೇ ಹಾಕಬೇಕಾಗಿ ಬಂದಿತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬೆಳೆ ಹೋದ ಮನೆಯಲ್ಲಿ ಕಣ್ಣು ಮೊದಲು ಹೋಗುವುದು ಹೊಸದರ ಮೇಲೆ. ನಮ್ಮ ಮನೆಯಲ್ಲಿ ಹೊಸದೆಂದರೆ ಆ ಹೂವು.

ಮಾವ ಕೆಟ್ಟವರಲ್ಲ. ಕೆಟ್ಟ ಹುಳವನ್ನೆಲ್ಲ ಮಣ್ಣು ಮಾಡಿ ಬಂದು, ಕೈಕಾಲು ತೊಳೆದು, ಜಗಲಿಯ ಮೇಲೆ ಕೂತು, ನಾಳೆ ಮರ ಕಡಿಸುತ್ತೇನೆ ಎಂದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಒಂದು ಮರಕ್ಕೆ ಇಷ್ಟು ದುಃಖವೇ ಎಂದು ನೀವು ಕೇಳಬಹುದು. ಆ ಮನೆಯಲ್ಲಿ ನಾನಾಗಿ ಆಸೆಪಟ್ಟು ಬೇರು ಬಿಡಿಸಿದ್ದು ಅದೊಂದನ್ನೇ.

ಆಗ ಅತ್ತೆ ಎದ್ದು ಅಂಗಳಕ್ಕಿಳಿದರು. ಕೊಂಬೆ ಬಗ್ಗಿಸಿ ಒಂದು ಗೊಂಚಲು ಕಿತ್ತು, ಅದರೊಳಗೆ ಮುಖವನ್ನೇ ಹುದುಗಿಸಿದರು. ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ ಮಾವನ ಹತ್ತಿರ ಬಂದು ಹೇಳಿದರು: "ಇದ್ರಲ್ಲಿ ವಾಸ್ನೆ ಇಲ್ಲ ಕಣ್ರಿ. ಮುಂದಿನ್ ಬೆಳೇಗೆ ಈ ಊವ ಉಳದ್ ಮನೆ ಒಳ್ಗೇ ಮಡಗ್ತೀನಿ. ಉಳ ಕೆಟ್ರೆ ಆಗ ಕಡ್ಸಿ."

ಮಾವ ಬೆಚ್ಚಿಬಿದ್ದರು. ಆದರೆ ಆ ಮೂಗಿನ ಮಾತನ್ನು ಅವರು ಎಂದೂ ಮೀರಿದವರಲ್ಲ.

ಹುಳದ ಮನೆ ತೊಳೆದು, ಸುಣ್ಣ ಬಳಿದು, ಹೊಸ ಮರಿ ತಂದೆವು. ಅತ್ತೆ ಹೇಳಿದ ಹಾಗೇ ಮಾಡಿದರು. ದಿನಾ ಬೆಳಿಗ್ಗೆ ಹೊಸ ಗೊಂಚಲು, ತಟ್ಟೆಗಳ ನಡುವೆ ನೀರಿನ ಚೊಂಬಿನಲ್ಲಿ. ನಾನು ಹುಳಗಳನ್ನು ಅಷ್ಟು ಅಕ್ಕರೆಯಿಂದ ಮೇಯಿಸಿದ್ದು ಅದೇ ಮೊದಲು. ಒದ್ದೆ ಎಲೆ ಕಂಡರೆ ಸೆರಗಿನಲ್ಲಿ ಒರೆಸಿ ಹಾಕುತ್ತಿದ್ದೆ. ನಾಲ್ಕನೇ ಜ್ವರ ಎದ್ದ ದಿನ ಬಾಗಿಲಲ್ಲೇ ಕಿವಿಯಿಟ್ಟು ಕೂತೆ. ಸ್ವಲ್ಪ ಹೊತ್ತಿಗೆ ಒಳಗಿಂದ ಸೋನೆ ಮಳೆಯಂಥ ಸದ್ದು ಬಂತು. ಹುಳ ಮೇಯುತ್ತಿತ್ತು. ಹುಳ ಹಣ್ಣಾಗಿ, ಚಂದ್ರಿಕೆಯೆಂಬ ಬಿದಿರಿನ ತಡಿಕೆಗೆ ಹತ್ತಿ, ಗಟ್ಟಿ ಗೂಡು ಕಟ್ಟಿದವು. ಕೊಳ್ಳೇಗಾಲದ ಗೂಡಿನ ಮಾರುಕಟ್ಟೆಯಿಂದ ಬಂದ ಮಾವ ಮರದ ವಿಷಯ ಎತ್ತಲೇ ಇಲ್ಲ. ಅದರ ನೆರಳಿನಲ್ಲಿ ಚಾಪೆ ಹಾಕಿಸಿ ಮಲಗಿದರು.

ಸಂಜೆ ಸೊಪ್ಪಿನ ಕಡ್ಡಿ ಗುಡ್ಡೆ ಹಾಕುತ್ತ ಅತ್ತೆಯನ್ನು ಕೇಳಿದೆ, ಯಾಕೆ ಹಾಗೆ ಮಾಡಿದಿರಿ, ಕೆಟ್ಟಿದ್ದರೆ ಮಾತು ನಿಮ್ಮ ಮೇಲೇ ಬರುತ್ತಿತ್ತಲ್ಲ ಎಂದು. ಅವರು ಕೈ ನಿಲ್ಲಿಸದೆ ಹೇಳಿದರು: "ನಾ ಬಂದ ವರ್ಸ ಅಲ್ಲೇ ಒಂದ್ ಸಂಪ್ಗೆ ಇಕ್ಕಿದ್ದೆ ಕಣವ್ವ. ಊ ಬುಡ್ತು, ಕಡುದ್ರು. ಅದು ಗಮ್ ಅಂತಿತ್ತು, ತಪ್ಪು ಅದ್ರುದ್ದೇ. ನಿಂದು ಏನ್ ತಪ್ ಮಾಡದೆ?"

ಅಷ್ಟೇ. ಸಂಪಿಗೆಯ ಮಾತು ಆಮೇಲೆಂದೂ ಬರಲಿಲ್ಲ.

ಈಗ ನಮ್ಮ ಹುಳದ ಮನೆ ಹೊಲದ ಹತ್ತಿರ ಹೋಗಿದೆ. ಅಂಗಳದಲ್ಲಿ ಹೊಳೆದಾಸವಾಳದ ಜೊತೆಗೆ ಕಕ್ಕೆ, ಮಂದಾರ ಎದ್ದಿವೆ. ಮಾವ ಇಲ್ಲ. ಅತ್ತೆಗೆ ಮಂಡಿನೋವು, ಉಳಿದದ್ದೆಲ್ಲ ಸರಿಯಾಗಿದೆ. ಹೋದ ವಾರ ಕೊಳ್ಳೇಗಾಲದಿಂದ ಬಸ್ಸಿನಲ್ಲಿ ಸಂಪಿಗೆ ಸಸಿಯೊಂದನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದೆ. ಕೊನೆಗೂ ಋಣ ತೀರಿಸುತ್ತಿದ್ದೇನೆಂಬ ಹೆಮ್ಮೆ ನನಗೆ. ಅತ್ತೆ ಅದರ ಎಲೆಯನ್ನು ಎರಡು ಬೆರಳಲ್ಲಿ ಸವರಿದರು. ಬಹಳ ಹೊತ್ತು ಸವರಿದರು. ಆಮೇಲೆ ಗೋಡೆಯಾಚೆಯ ನೆರೆಮನೆ ತೋರಿಸಿ, "ಅವ್ರು ಇನ್ನೂ ಮನೇಲೇ ಉಳ ಮೇಯಿಸ್ತಾರಲ್ಲವ್ವ. ಅವ್ರ ಉಳ ನಮ್ಗೇನ್ ಮಾಡವೆ?" ಎಂದರು.

ಇಷ್ಟು ವರ್ಷವೂ ನಾನು, ಅತ್ತೆ ನನ್ನ ಮೇಲಿನ ಪ್ರೀತಿಗೆ ಆ ಮರ ಉಳಿಸಿದರು ಎಂದುಕೊಂಡಿದ್ದೆ. ಪ್ರೀತಿಯೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಮರ ನಿಂತದ್ದು ಅದು ತಪ್ಪು ಮಾಡಿರಲಿಲ್ಲವೆಂಬುದಕ್ಕೆ. ತಮ್ಮ ಮರಕ್ಕೆ ಹಾಕಿದ ತೂಕದ ಕಲ್ಲನ್ನೇ ನನ್ನದಕ್ಕೂ ಹಾಕಿದರು. ಇದು ತಿಳಿದ ಮೇಲೆ ನನ್ನ ಕೃತಜ್ಞತೆ ಕಡಿಮೆಯಾಗಬೇಕಿತ್ತೇನೋ. ಆಗಲಿಲ್ಲ, ಇನ್ನೂ ಹೆಚ್ಚಾಯಿತು. ತೀರಿಸುವ ಮಾತನ್ನು ಬಿಟ್ಟುಬಿಟ್ಟೆ.

ಸಸಿ ಹನೂರಿಗೆ, ನಾದಿನಿಯ ಮನೆಗೆ ಹೋಗಲಿದೆ. ಈಗ ಸ್ವಲ್ಪ ಹೊತ್ತಿಗೆ ಮುಂಚೆ ಅತ್ತೆಯೇ ಫೋನು ಮಾಡಿಸಿ, ಅವರ ಬೀದಿಯಲ್ಲಿ ಹುಳ ಸಾಕುವವರು ಯಾರಾದರೂ ಇದ್ದಾರೆಯೇ ಎಂದು ಒಂದು ಮನೆಯನ್ನೂ ಬಿಡದೆ ವಿಚಾರಿಸಿದರು. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ, ದನಿ ತಗ್ಗಿಸಿ, ಹೂ ಬಿಟ್ಟಾಗ ಯಾರಾದರೂ ಇತ್ತ ಬರುವವರ ಕೈಲಿ ಒಂದೇ ಒಂದು ಕಳಿಸು ಎಂದರು. ನಾನು ಕೇಳಿಸದವಳ ಹಾಗೆ ಕಡಲೆಕಾಯಿ ಸುಲಿಯುತ್ತ ಕೂತಿದ್ದೆ.