ದೊರೆ ಮನೆಯ ಹೊಗೆಗೂಡು, ನನ್ನ ತಾತನ ಮಡಕೆ

ಆಗೆಲ್ಲ ನಮ್ಮ ಕಡೆ ಮನೆಗಳೂ ಬೆಲ್ಲ ತಿನ್ನುತ್ತಿದ್ದವು. ಸುಣ್ಣ ಮರಳನ್ನು ಎತ್ತಿನ ಗಾಣದಲ್ಲಿ ಅರೆದು, ಬೆಲ್ಲದ ನೀರು ಹುಯ್ದು ಗಾರೆ ಮಾಡುತ್ತಿದ್ದರು. ನಮ್ಮಪ್ಪ ಗಾರೆ ಕೆಲಸದ ಮೇಸ್ತ್ರಿ. ಗೋಡೆಗೆಂದು ತಂದ ಬೆಲ್ಲದಚ್ಚಿನ ಮೂಲೆ ಮುರಿದು ಲಂಗದಲ್ಲಿ ಬಚ್ಚಿಡುತ್ತಿದ್ದವಳು ನಾನು. ಹಾಗಾಗಿ ಮಳವಳ್ಳಿ ಸೀಮೆಯಲ್ಲಿ ಯಾವುದಾದರೂ ಹಳೇ ಗೋಡೆ ಉದುರಿದರೆ ತಪ್ಪು ನನ್ನದು, ಅಪ್ಪನದಲ್ಲ.

ಬೆಳಕವಾಡಿಯಿಂದ ಬ್ಲಫ್ ಎನ್ನುವ ಊರಿನ ಕಡೆ ಹೋಗುವ ದಾರಿಯಲ್ಲಿ, ಕಬ್ಬಿನ ಗದ್ದೆಗಳ ನಡುವೆ ಒಬ್ಬ ಇಂಗ್ಲೀಷು ದೊರೆಯ ತೋಟದ ಮನೆ ಇತ್ತು. ಕಟ್ಟಿದವನು ನನ್ನ ತಾತ, ಅಪ್ಪನ ಅಪ್ಪ. ನಾನು ಹುಟ್ಟುವ ಹೊತ್ತಿಗೆ ತಾತ ಇರಲಿಲ್ಲ. ಅಲ್ಲಿ ಕಲ್ಲು ಹೊತ್ತಿದ್ದ ಅಜ್ಜಿ ಮಾತ್ರ ಆ ಮನೆಯ ಒಂದೊಂದು ಗೋಡೆಯ ವಯಸ್ಸನ್ನೂ ತನ್ನ ಮಕ್ಕಳ ವಯಸ್ಸಿನ ಲೆಕ್ಕದಲ್ಲೇ ಹೇಳುತ್ತಿದ್ದಳು. ದೊಡ್ಡತ್ತೆ ಹೊಟ್ಟೆಯಲ್ಲಿದ್ದಾಗ ಒಂದು ಕಲ್ಲಿನ ಕೋಣೆ, ಹುಲ್ಲಿನ ಸೂರು. ಅವಳು ನಡೆಯುವಾಗ ಅದೇ ಸೂರಿನಡಿ ದನದ ಕೊಟ್ಟಿಗೆ. ದೊರೆಯ ಊರಿನಲ್ಲೂ ಹಳೇ ರೈತರ ಮನೆಗಳು ಹಾಗೇ ಇರುತ್ತಿದ್ದವಂತೆ.

"ದೊರೆಯಾದ್ರೇನಮ್ಮಿ, ಅವ್ನೂ ನಮ್ಮಂಗೇ ದನದ ಮಗ್ಗುಲಲ್ಲೇ ಮಲಿಕತಿದ್ದ" ಎಂದು ಅಜ್ಜಿ ಎಲೆಯಡಿಕೆ ಬಾಯಲ್ಲಿ ನಗುತ್ತಿದ್ದಳು.

ಚಿಕ್ಕತ್ತೆ ಹುಟ್ಟಿದಾಗ ಹುಲ್ಲು ಹೋಗಿ ಮಂಗಳೂರು ಹೆಂಚು ಬಂತು. ಅಪ್ಪ ಅಂಬೆಗಾಲಿಡುವಾಗ ಹೊಗೆಗೂಡು. ದೊರೆ ತಾನು ಹುಟ್ಟಿದ ಮನೆಯ ಪಟ ತೋರಿಸಿ, ಗೋಡೆಯೊಳಗೆ ದೊಡ್ಡದೊಂದು ಒಲೆ, ಅದರ ಮೇಲೆ ಹೆಂಚು ದಾಟಿ ಆಕಾಶಕ್ಕೇರುವ ಗೂಡು ಕಟ್ಟಿಸಿದ. ಆದರೆ ಬದುಕಿರುವ ತನಕ ಒಂದು ಕಡ್ಡಿ ಗೀರಲಿಲ್ಲ. ನಮ್ಮ ಬಿಸಿಲಿಗೆ ಕೋಣೆಯೊಳಗೆ ಯಾರು ಬೆಂಕಿ ಹಾಕುತ್ತಾರೆ? ಊರಿನ ನೆನಪಿಗೆ ಕಟ್ಟಿಸಿದ್ದ, ಅಷ್ಟೆ.

ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ದೊರೆ ತೀರಿಕೊಂಡ, ಮಗಳು ಬಂದಳು. ಧನುರ್ಮಾಸದ ಒಂದು ಬೆಳಗ್ಗೆ ಆ ದೊರೆಸಾನಿಗೆ ಚಳಿಯಾಗಿ ಒಲೆ ಹಚ್ಚಿಸಿದಳು. ಹೊಗೆ ಮೇಲೆ ಹೋಗುವ ಬದಲು ಮನೆಯೆಲ್ಲ ತುಂಬಿ, ದೊರೆಸಾನಿ ಕೆಮ್ಮುತ್ತ ಅಂಗಳಕ್ಕೆ ಓಡಿದಳಂತೆ. ಸುದ್ದಿ ತಂದವರು ಅಲ್ಲಿ ಅಡುಗೆ ಮಾಡುತ್ತಿದ್ದ ಬಾಷಾ ಸಾಬರು.

"ಮೇಸ್ತ್ರಿ, ದೊರೆಸಾನಿ ಗರಂ ಆಗವ್ರೆ. ಕಟ್ಟಿದೋನಿಗೆ ಕೆಲ್ಸವೇ ಬರ್ತಿರ್ಲಿಲ್ಲ ಅಂತವ್ರೆ. ಸೋಮವಾರ ಮೈಸೂರಿಂದ ಮೇಸ್ತ್ರಿ ಬತ್ತಾನೆ, ಗೂಡು ಗೋಡೆ ಎಲ್ಲ ಕೆಡವ್ತಾನೆ."

ಅಪ್ಪನ ಮುಖ ಕಪ್ಪಿಟ್ಟಿತು. ಸುತ್ತ ಹತ್ತೂರಿನಲ್ಲಿ ಅಪ್ಪನನ್ನು ಕೆಲಸಕ್ಕೆ ಕರೆಯುತ್ತಿದ್ದುದೇ 'ದೊರೆ ಮನೆ ಕಟ್ಟಿದವನ ಮಗ' ಎಂದು. ಆ ರಾತ್ರಿ ಮುದ್ದೆ ತಟ್ಟೆಯಲ್ಲೇ ಆರಿತು.

"ನಿಮ್ಮಪ್ಪ ಕಟ್ಟಿದ್ದು ಒಂದು ಬಿರುಕು ಬುಟ್ಟಿಲ್ಲ ಕಣ್ಲಾ!" ಅಜ್ಜಿ ಗುಡುಗಿದಳು. "ದೃಷ್ಟಿ ಆಗ್ದಿರ್ಲಿ ಅಂತ ತುದೀಲಿ ಮಡಕೆ ಬ್ಯಾರೆ ಮಗುಚಿದ್ದ."

ನಾನು ಬೆರಳು ನೆಕ್ಕುವುದನ್ನು ನಿಲ್ಲಿಸಿದೆ. "ಮಡಕೆ ಮಗುಚಿದ್ರೆ ಹೊಗೆ ಎತ್ಲಾಗಿಂದ ಓಯ್ತದೆ?"

ಅಪ್ಪ ನನ್ನನ್ನು ನೋಡಿದ, ಅಜ್ಜಿಯನ್ನು ನೋಡಿದ. "ಅದು ದೊರೆಗೋಳ ಮಡಕೆ ಅಲ್ವೇನವ್ವ?"

ಆಗಿದ್ದು ಅದೇ. ಮನೆ ಮುಗಿದಾಗ ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ ಸುಣ್ಣದ ಬೊಟ್ಟಿಟ್ಟ ಮಡಕೆ ಬೋರಲು ಹಾಕುವುದು ನಮ್ಮ ರೂಢಿ. ತಾತ ರೂಢಿ ಬಿಡಲಿಲ್ಲ. ಇಂಗ್ಲೆಂಡಿನ ಹೊಗೆಗೂಡುಗಳ ತುದಿಯಲ್ಲೂ ಮಣ್ಣಿನದೊಂದು ಮಡಕೆ ಕೂರಿಸುತ್ತಾರಂತೆ, ಆದರೆ ಬುಡವಿಲ್ಲದ್ದು. ಮಳೆಗೆ ಬೊಟ್ಟು ಅಳಿಸಿಹೋದ ಮೇಲೆ ದೊರೆ ತನ್ನೂರ ಮಡಕೆ ಎಂದುಕೊಂಡ. ನಮ್ಮೂರವರು ದೊರೆಯ ಮಡಕೆ ಎಂದುಕೊಂಡರು. ಮೂವತ್ತು ವರ್ಷ ಯಾರೂ ಯಾರನ್ನೂ ಕೇಳಲಿಲ್ಲ.

ಮಾರನೇ ದಿನ ಮಡಕೆ ತೆಗೆಯಲೆಂದು ಮೂವರೂ ಹೋದೆವು. ಏಣಿ ಸೂರಿನ ತನಕ ಮಾತ್ರ ಬಂತು. ಅಪ್ಪ ಕಾಲಿಟ್ಟ ಕೂಡಲೇ ಎರಡು ಹೆಂಚು ಲಟಕ್ ಎಂದವು, ಇಳಿದುಬಂದ. ಕೆಳಗೆ ದೊರೆಸಾನಿ ಕೈಕಟ್ಟಿ ನಿಂತಿದ್ದಳು. ಆಗ ನಾನು ಒಲೆಯೊಳಗೆ ತಲೆ ಹಾಕಿ ನೋಡಿದೆ. ಕಟ್ಟುವಾಗ ಹತ್ತಲೆಂದು ತಾತ ಒಳಗೋಡೆಯಲ್ಲಿ ಒಂದೊಂದು ಇಟ್ಟಿಗೆ ಮುಂದಕ್ಕೆ ಬಿಟ್ಟಿದ್ದ, ಮೆಟ್ಟಿಲಿನ ಹಾಗೆ. ಅಪ್ಪನ ಭುಜ ಅಲ್ಲಿ ಹಿಡಿಸುತ್ತಿರಲಿಲ್ಲ.

"ನಾನು ಹತ್ತೀನಿ. ಒಂದಚ್ಚು ಬೆಲ್ಲ ಕೊಟ್ರೆ."

"ಬ್ಯಾಡ, ಬಿದ್ದೀಯೆ."

"ಬುಡ್ಲಾ, ಅವ್ಳು ಹುಣಸೇಮರ ಹತ್ತೋ ಕೋತಿ" ಎಂದು ಅಜ್ಜಿ ನನ್ನ ಲಂಗ ಕಚ್ಚೆ ಹಾಕಿ ಬಿಗಿದಳು.

ಹತ್ತಿದೆ. ಒಳಗೆ ಬಾವಲಿ ಹಿಕ್ಕೆಯ ನಾತ, ಹೊಗೆಯ ಕಮಟು, ಕತ್ತಲು. ಕೆಳಗಿನಿಂದ ಅಪ್ಪನ ದನಿ ಬರುತ್ತಲೇ ಇತ್ತು: "ಉಸಾರು ಕಣಮ್ಮಿ. ಉಸಾರು ಕಣಮ್ಮಿ." ತಲೆಗೆ ಏನೋ ಠಣ್ ಎಂದು ತಗುಲಿತು. ಎರಡೂ ಕೈ ಕೊಟ್ಟು ನೂಕಿದೆ. ಗಾರೆಯಾಗಿದ್ದರೆ ಜಗ್ಗುತ್ತಿರಲಿಲ್ಲ, ತಾತ ಬರೀ ಕೆಮ್ಮಣ್ಣು ಮೆತ್ತಿದ್ದ. ಇನ್ನೊಂದು ಸಲ ನೂಕಿದಾಗ ಮಣ್ಣು ಉದುರಿ, ಮಡಕೆ ನನ್ನ ತಲೆಯ ಮೇಲೇ ಎದ್ದಿತು.

ಅಂಗಳದವರಿಗೆ ಕಂಡದ್ದು ಹೀಗೆ: ಹೊಗೆಗೂಡಿನ ಮಡಕೆ ತಾನಾಗಿ ಮೇಲೆದ್ದು, ಅತ್ತಿತ್ತ ತಿರುಗಿ, ಅದರಡಿಯಿಂದ ಮಸಿ ಬಳಿದ ಎರಡು ಕೈ ಹೊರಬಂದವು. ದೊರೆಸಾನಿ ಕಿಟಾರನೆ ಕಿರುಚಿದಳು. ಬಾಷಾ ಸಾಬರು "ಯಾ ಅಲ್ಲಾ!" ಎಂದು ಕೈಲಿದ್ದ ಬೋಸಿ ಬಿಟ್ಟರು. ನಾನು ಮಡಕೆಯೊಳಗಿಂದಲೇ ಕೂಗಿದೆ: "ಅಪ್ಪಾ! ಆಕಾಸ ಬಂತು!"

ಮಡಕೆಯನ್ನು ಬಿಸಾಡಲು ಅಜ್ಜಿ ಒಪ್ಪಲಿಲ್ಲ. ಮನೆಗೆ ದೃಷ್ಟಿಯಾಗುತ್ತದಲ್ಲ! ದೊರೆಸಾನಿಗೂ ತುದಿಯಲ್ಲಿ ಮಡಕೆ ಬೇಕು. ಅಪ್ಪ ಅದರ ಬುಡವನ್ನು ಉಳಿಯಲ್ಲಿ ನಾಜೂಕಾಗಿ ತಟ್ಟಿ ತೆಗೆದ. ಅಜ್ಜಿ ಹೊಸದಾಗಿ ಸುಣ್ಣದ ಬೊಟ್ಟಿಟ್ಟಳು. ನಾನು ಮತ್ತೆ ಹತ್ತಿ ಕೂರಿಸಿದೆ. ಈ ಸಲ ಬೆಲ್ಲದ ಗಾರೆಯಲ್ಲಿ. ಆ ಬೆಲ್ಲವನ್ನು ಮಾತ್ರ ಒಂದು ಚೂರೂ ಮುಟ್ಟಲಿಲ್ಲ, ದೇವರಾಣೆ.

ಒಲೆ ಹಚ್ಚಿದರು. ಹೊಗೆ ದಾರದ ಹಾಗೆ ನೆಟ್ಟಗೆ ಮೇಲೆ ಹೋಯಿತು. ಕಬ್ಬು ಕಡಿಯುತ್ತಿದ್ದವರೆಲ್ಲ ಮಚ್ಚು ಕೆಳಗಿಟ್ಟು ಕೇಕೆ ಹಾಕಿದರು. ಸೋಮವಾರ ಬಂದ ಮೈಸೂರು ಮೇಸ್ತ್ರಿ ಗೋಡೆ ತಟ್ಟಿ ನೋಡಿ, "ಇದನ್ನು ಕೆಡವೋನು ಕಣ್ಣಿಲ್ಲದೋನು. ಯಾರು ಕಟ್ಟಿದ್ದು?" ಎಂದ. ಅಪ್ಪ ಉತ್ತರ ಕೊಡುವ ಮೊದಲೇ ಅಜ್ಜಿ ಮುಂದೆ ಬಂದಳು: "ನನ್ ಗಂಡ. ಕಲ್ಲು ಒತ್ತಿದ್ದು ನಾನು."

ಸ್ವಾತಂತ್ರ್ಯ ಬಂದ ವರ್ಷ ದೊರೆಸಾನಿ ಹೊರಟುಹೋದಳು. ಆಮೇಲೆ ಹೆಂಚು, ತೊಲೆ ಯಾರ್ಯಾರದೋ ಮನೆ ಸೇರಿದವು. ಕೊಟ್ಟಿಗೆ ಕುಸಿಯಿತು. ಮೊದಲ ಕಲ್ಲಿನ ಕೋಣೆ, ಹೊಗೆಗೂಡು, ಬುಡವಿಲ್ಲದ ಮಡಕೆ ಇನ್ನೂ ಇವೆ. ಹೋದ ತಿಂಗಳು ಮೊಮ್ಮಗಳ ಜೊತೆ ನೋಡಿ ಬಂದೆ. ಗಾರೆ ಅರೆಯುವ ಗಾಣದ ಕಲ್ಲು ಮುಳ್ಳುಕಂಟಿಯಲ್ಲಿ ಬಿದ್ದಿತ್ತು. ಆ ಗಾರೆಯ ಹದ ಬಲ್ಲವರು ಈಗ ಯಾರೂ ಇಲ್ಲ.

ಒಲೆಯೊಳಗೆ ತಲೆ ಹಾಕಿದೆ. ಮೇಲೆ ಅದೇ ದುಂಡನೆಯ ಆಕಾಶ. ಮೊದಲ ಇಟ್ಟಿಗೆಯ ಮೇಲೆ ಕಾಲಿಟ್ಟೇಬಿಟ್ಟೆ. ಮೊಮ್ಮಗಳು ಹೌಹಾರಿ ಸೆರಗು ಹಿಡಿದೆಳೆದಳು. ಇಟ್ಟಿಗೆ ಅಲುಗಲಿಲ್ಲ. ಒಂದು ಗಳಿಗೆ ಹಾಗೇ ನಿಂತು ಕಿವಿಗೊಟ್ಟೆ. "ಉಸಾರು ಕಣಮ್ಮಿ" ಎನ್ನುವ ದನಿ ಮಾತ್ರ ಕೆಳಗಿನಿಂದ ಬರಲಿಲ್ಲ.